ಯಾದೃಚ್ಛಿಕ: ಮಕ್ಕಳ ಬಾಯಿಗೆ ಹತ್ತುವ ಪದ ಬೇಕು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ ಸಂಖ್ಯಾಶಾಸ್ತ್ರದ ಪದಗಳನ್ನು ಬಿಡಿಸಿ ಹೇಳುವ ಚಿಕ್ಕ ಪಟ್ಟಿ ಮಾಡುತ್ತಿದ್ದೇನೆ. ‘ಸರಾಸರಿ’ ತೊಂದರೆ ಕೊಡಲಿಲ್ಲ. ಪಾರಸಿಯಿಂದ ಬಂದದ್ದಾದರೂ ಅದು ಸಂತೆಯ ಮಾತೇ ಆಗಿಬಿಟ್ಟಿದೆ. ‘ಮಧ್ಯಾಂಕ’ ತನ್ನ ಅರ್ಥ ತಾನೇ ಹೇಳುತ್ತದೆ. ‘ಬಹುಲಕ’ವನ್ನು ‘ಜಾಸ್ತಿ ಸಲ ಬಂದದ್ದು’ ಎಂದು ದಾಟಿಸಿದೆ. ಸಿಕ್ಕಿಕೊಂಡದ್ದು ‘ಯಾದೃಚ್ಛಿಕ’ದಲ್ಲಿ, ಅಂದರೆ ಇಂಗ್ಲಿಷಿನ random.

ಪದದ ತಪ್ಪೇನಿಲ್ಲ. ಗೀತೆಯ 4ನೇ ಅಧ್ಯಾಯದಲ್ಲಿ ‘ಯದೃಚ್ಛಾಲಾಭಸಂತುಷ್ಟಃ’ ಎಂದಿದೆ, ತಾನಾಗಿ ಬಂದದ್ದರಲ್ಲೇ ತೃಪ್ತಿಪಡುವವನು ಅಂತ. ಆದರೆ ಮಕ್ಕಳು ಇದನ್ನು ಬರೆಯುವಾಗ ಒತ್ತಕ್ಷರಗಳಲ್ಲೇ ಮುಗ್ಗರಿಸುತ್ತಾರೆ, ಅರ್ಥದವರೆಗೆ ಹೋಗುವುದೇ ಇಲ್ಲ.

ಬದಲಿಗೆ ‘ಯದ್ವಾತದ್ವಾ’ ಅನ್ನಬಹುದಲ್ವಾ ಎಂದು ಗೆಳೆಯರೊಬ್ಬರು ಕೇಳಿದರು. ನನಗೆ ಒಪ್ಪಿಗೆಯಿಲ್ಲ. 40 ಮಕ್ಕಳ ತರಗತಿಯಲ್ಲಿ 5 ಮಕ್ಕಳ ಎತ್ತರ ಅಳೆದು ಸರಾಸರಿ ಅಂದಾಜು ಮಾಡಬೇಕು ಅಂದುಕೊಳ್ಳಿ. ಯದ್ವಾತದ್ವಾ ಆರಿಸಿದರೆ ಕೈಗೆ ಸಿಗುವುದು ಮುಂದಿನ ಬೆಂಚಿನವರು. ಉದ್ದದವರೆಲ್ಲ ಹಿಂದೆ ಕೂತಿರುತ್ತಾರೆ, ಸರಾಸರಿ ಕಡಿಮೆ ಬರುತ್ತದೆ. 40 ಹೆಸರನ್ನೂ ಚೀಟಿಯಲ್ಲಿ ಬರೆದು, ಕುಲುಕಿ, 5 ಎತ್ತಿದರೆ ಪ್ರತಿಯೊಬ್ಬರಿಗೂ 8ರಲ್ಲಿ 1 ಅವಕಾಶ. ಹಾಗೆ ಸಮವಾಗಿ ಅವಕಾಶ ಸಿಗಲು ಒಂದು ಕ್ರಮ ಬೇಕು. ಯದ್ವಾತದ್ವಾದಲ್ಲಿ ಇಲ್ಲದ್ದೇ ಅದು. ‘ಗೊತ್ತುಗುರಿಯಿಲ್ಲದ’ ಎಂಬುದಕ್ಕೂ ಇದೇ ತಕರಾರು. ‘ಆಕಸ್ಮಿಕ’ವೂ ಕೂರುವುದಿಲ್ಲ. ಹಾಗಂದರೆ ನಿರೀಕ್ಷೆಯಿಲ್ಲದೆ ಆದದ್ದು. ದಾಳ ಉರುಳಿಸಿದರೆ 1ರಿಂದ 6ರೊಳಗೆ ಒಂದು ಬೀಳುತ್ತದೆಂದು ಮೊದಲೇ ಗೊತ್ತಿರುತ್ತದೆ, ಯಾವುದು ಅನ್ನುವುದಷ್ಟೇ ಗೊತ್ತಿಲ್ಲ.

ಸದ್ಯಕ್ಕೆ ‘ಚೀಟಿ ಎತ್ತಿದ ಮಾದರಿ’ ಎಂದು ಬರೆದುಕೊಂಡಿದ್ದೇನೆ. ಮಾದರಿ (ಎಲ್ಲರ ಬದಲು ಅಳೆಯಲು ಆರಿಸಿಕೊಂಡ ಕೆಲವರು, sample) ಆರಿಸುವ ಮಟ್ಟಿಗೆ ಇದು ಚೆನ್ನಾಗಿ ಕೂರುತ್ತದೆ. ನಾಣ್ಯ, ದಾಳಕ್ಕೆ ಬಂದಾಗ ಕೆಟ್ಟಿತು. ಅಲ್ಲಿ ಯಾರೂ ಚೀಟಿ ಎತ್ತುವುದಿಲ್ಲ.

ಆಗ ನೆನಪಾದದ್ದು ‘ಗರ’. ಚೌಕಾಬಾರಾದಲ್ಲಿ ಕವಡೆ ಎಸೆದಾಗ ಬೀಳುವ ಎಣಿಕೆಗೆ ನಮ್ಮ ಮನೆಯಲ್ಲಿ ಗರ ಅನ್ನುತ್ತಿದ್ದರು. ಬೇಕಾದ ಗರ ಬೀಳದೆ ಅಜ್ಜಿ ಕವಡೆಯನ್ನೇ ಬೈಯುತ್ತಿದ್ದುದೂ ಉಂಟು. ಹೀಗೆ ಬಿದ್ದದ್ದಕ್ಕೆ ಪಠ್ಯದಲ್ಲಿರುವ ಪದ ‘ಫಲಿತಾಂಶ’. ಅದನ್ನು ಕೇಳಿದರೆ ಮಕ್ಕಳಿಗೆ ಪರೀಕ್ಷೆಯ ರಿಸಲ್ಟೇ ಕಣ್ಣಿಗೆ ಬರುತ್ತದೆ. ಅದರ ಜಾಗಕ್ಕೆ ಗರ ಸರಿಹೋದೀತು. ನಾಣ್ಯ ಚಿಮ್ಮುವ, ದಾಳ ಉರುಳಿಸುವಂಥ ಯಾದೃಚ್ಛಿಕ ಪ್ರಯೋಗವನ್ನು ‘ಗರದ ಪ್ರಯೋಗ’ ಅನ್ನಬಹುದೇ, ಅಥವಾ ಅದು ಸುಮ್ನೆ ಜೂಜಿನ ವಾಸನೆ ತರುತ್ತದೆಯೇ? ನಿಮ್ಮ ಕಡೆ ಗರ ಅನ್ನುತ್ತಾರಾ? ಇಲ್ಲವಾದರೆ ಕವಡೆಯ ಎಣಿಕೆಗೆ ಏನನ್ನುತ್ತಾರೆ?