ಅಪ್‌ಡೇಟ್: 3 ತಿಂಗಳ ಮಗುವಿಗೆ ರಿಂಗ್ ಸ್ಲಿಂಗೋ, ಬಕಲ್ ಕ್ಯಾರಿಯರೋ?

ತುಮಕೂರಿನ ಬಿಸಿಲಿಗೆ, ಐದೂವರೆ ಕೆಜಿ ಮಗುವನ್ನ ಮೈಗೆ ಕಟ್ಟಿಕೊಂಡು ಓಡಾಡೋಕೆ ಯಾವ ಕ್ಯಾರಿಯರ್ ಸರಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ತೆಳು ಹತ್ತಿಯ ಬಕಲ್ ಕ್ಯಾರಿಯರ್ (ಸೊಂಟಕ್ಕೆ, ಹೆಗಲಿಗೆ ಬೆಲ್ಟ್ ಹಾಕಿ ಬಕಲ್‌ನಿಂದ ಬಿಗಿಯೋದು) ತಗೊಂಡಾಯ್ತು. ಸ್ಟ್ರೆಚ್ ಬಟ್ಟೆಯ ರ‍್ಯಾಪ್ ಮೈಗೆ ಎರಡು ಮೂರು ಸುತ್ತು ಬರುತ್ತೆ, ಏಪ್ರಿಲ್‌ನಲ್ಲಿ ತಾಯಿ ಮಗು ಇಬ್ಬರೂ ಬೆವರೋದೇ. ರಿಂಗ್ ಸ್ಲಿಂಗ್ (ಉದ್ದ ಬಟ್ಟೆಯನ್ನ ಬಳೆಗಳಲ್ಲಿ ಸಿಕ್ಕಿಸಿ ಒಂದು ಹೆಗಲ ಮೇಲೆ ಹಾಕೋದು) ತಂಪು, ಆದರೆ ಭಾರವೆಲ್ಲ ಒಂದೇ ಹೆಗಲಿಗೆ. ಅರ್ಧ ಗಂಟೆ ದಾಟಿದರೆ ಕತ್ತು ಹಿಡಿಯುತ್ತೆ.

ಅಂಗಡಿಯಲ್ಲಿ ನೋಡಬೇಕಾದ್ದು ಸೀಟಿನ ಅಗಲ. ಬಟ್ಟೆ ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದರವರೆಗೆ ಬರಬೇಕು, ಮಂಡಿ ಅಂಡಿಗಿಂತ ಮೇಲಿರಬೇಕು. ಸೀಟು ಕಿರಿದಾಗಿ ಕಾಲು ನೇರ ಜೋತಾಡಿದರೆ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಅಗಲ ಕಿರಿದು ಮಾಡೋ ಪಟ್ಟಿ ಇದ್ದರೆ ಮಗು ಬೆಳೆದ ಹಾಗೆ ಹಿಗ್ಗಿಸಬಹುದು.

ಹಾಕೋವಾಗ ಎಲ್ಲರೂ ಮಾಡೋ ತಪ್ಪು ಸೊಂಟದ ಬೆಲ್ಟನ್ನ ಕೆಳಗೆ, ಸಡಿಲವಾಗಿ ಕಟ್ಟೋದು. ಆಗ ಮಗು ಜಾರಿ ಮುದುಡಿಕೊಳ್ಳುತ್ತೆ, ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಟ್ಟಬಹುದು. ಬೆಲ್ಟ್ ಮೇಲೆ, ಬಿಗಿಯಾಗಿರಲಿ. ಗದ್ದದ ಕೆಳಗೆ ಎರಡು ಬೆರಳು ಹಿಡಿಸಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಸಿಗಬೇಕು, ಮುಖ ಸದಾ ಕಾಣಬೇಕು. ಅಜ್ಜಿಯಂದಿರು ಬಿಸಿಲಿಗೆ ಅಂತ ಸೆರಗು ಮುಚ್ತಾರಲ್ಲ, ಅದು ಬೇಡ, ಛತ್ರಿ ಹಿಡೀಲಿ.

ಮುಖ ಹೊರಗೆ ಮಾಡಿ ಕೂರಿಸೋದು ಕತ್ತು ಪೂರ್ತಿ ನಿಂತ ಮೇಲೆ, ಸುಮಾರು ಆರು ತಿಂಗಳಿಗೆ. ಸ್ಕೂಟರ್ ಮೇಲೆ, ಒಲೆ ಮುಂದೆ ಯಾವ ಕ್ಯಾರಿಯರೂ ಬೇಡ. ದಿನ ತುಂಬದೆ ಹುಟ್ಟಿದ ಮಗುವಾದರೆ ಮೊದಲು ಮಕ್ಕಳ ಡಾಕ್ಟರನ್ನ ಕೇಳಿ.