ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಾಣುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿಕೊಂಡು ಮೂರು ವಾರ ಆಯ್ತು. ಲಿನಕ್ಸ್ ನನಗೆ ಪೂರ್ತಿ ಹೊಸದು, ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದರೆ ಈಗಲೂ ಸ್ವಲ್ಪ ಭಯ.

ನನ್ನ ಫೋಲ್ಡರ್‌ಗಳ ಹೆಸರೆಲ್ಲ ಕನ್ನಡದಲ್ಲೇ ಇವೆ. ಟರ್ಮಿನಲ್‌ನಲ್ಲಿ ಎಲ್‌ಎಸ್ (ಫೋಲ್ಡರ್, ಫೈಲ್‌ಗಳ ಹೆಸರು ತೋರಿಸುವ ಕಮಾಂಡ್) ಹೊಡೆದರೆ ‘ಪುಸ್ತಕ’ ಅನ್ನೋದು ‘ಪುಸ್‌ತಕ’ ಅಂತ ಬರುತ್ತಿದೆ. ‘ಪಟ್ಟಿ’ ಹೋಗಿ ‘ಪಟ್‌ಟಿ’. ಒತ್ತು ಕೆಳಗೆ ಇಳಿಯುವುದೇ ಇಲ್ಲ, ಪಕ್ಕದಲ್ಲೇ ನಿಂತುಬಿಡುತ್ತದೆ. ಒಂದನೇ ಕ್ಲಾಸಿನ ಮಗು ಬಿಡಿಸಿ ಓದಿದ ಹಾಗೆ!

ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದೆ, ಲಾಗೌಟ್ ಆಗಿ ಬಂದೆ. ಏನೂ ಬದಲಾಗಲಿಲ್ಲ. ಟರ್ಮಿನಲ್ ಸೆಟ್ಟಿಂಗ್ಸ್‌ನ ಫಾಂಟ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಲೊಕೇಲ್ (ಸಿಸ್ಟಂನ ಭಾಷೆ, ಅಕ್ಷರಗಳ ಸೆಟ್ಟಿಂಗ್) ನೋಡಿದೆ, ಕನ್ನಡ ಅಕ್ಷರಕ್ಕೆ ಬೇಕಾದ ಯುಟಿಎಫ್-8 ಅಂತಲೇ ಇದೆ.

ನನಗೆ ಗೊಂದಲ ಆಗಿರೋದು ಇಲ್ಲಿ: ಅದೇ ಒಡೆದ ಪದವನ್ನು ಟರ್ಮಿನಲ್‌ನಿಂದ ಕಾಪಿ ಮಾಡಿ ಟೆಕ್ಸ್ಟ್ ಎಡಿಟರ್‌ಗೆ ಪೇಸ್ಟ್ ಮಾಡಿದರೆ ಸರಿಯಾಗಿ ‘ಪುಸ್ತಕ’ ಅಂತಲೇ ಕಾಣುತ್ತದೆ. ಅಂದರೆ ಅಕ್ಷರ ಹಾಳಾಗಿಲ್ಲ, ತೋರಿಸೋದರಲ್ಲೇ ತೊಂದರೆ, ಅಲ್ವಾ?

ಇದು ಫಾಂಟ್ ಸೆಟ್ಟಿಂಗ್‌ನಿಂದ ಸರಿಹೋಗುತ್ತದಾ, ಇಲ್ಲ ಈ ಟರ್ಮಿನಲ್‌ಗೆ ಒತ್ತು ಕೂಡಿಸೋಕೇ ಬರಲ್ವಾ? ಬರಲ್ಲ ಅಂದರೆ, ಕನ್ನಡ ಸರಿಯಾಗಿ ತೋರಿಸುವ ಬೇರೆ ಟರ್ಮಿನಲ್ ಯಾವುದು? ನೀವೇ ಬಳಸಿ ನೋಡಿದ್ದರೆ ದಯವಿಟ್ಟು ಹೇಳಿ.