ಹಂಗಾಮಿನಲ್ಲಿ ಕಂಡೆನ್ಸರ್‌ಗೆ ಸ್ಟೀಮ್ ಬಿಟ್ಟರೆ ಕೋಜನ್ ಮಾನ್ಯತೆಗೆ ಧಕ್ಕೆಯೇ?

ಮುಧೋಳ ಕಡೆಯವ:
ನಮಸ್ಕಾರ್ರಿ ಎಲ್ಲರಿಗೂ. ಸಕ್ಕರೆ ಕಾರ್ಖಾನೆಯ ಕೋಜನ್ (ಒಂದೇ ಇಂಧನದಿಂದ ಕರೆಂಟೂ ಶಾಖವೂ ತೆಗೆಯೋ) ವಿಭಾಗದಾಗ ಶಿಫ್ಟ್ ನೋಡ್ಕೋತೀನಿ. ಕಬ್ಬು ಕಡಿಮೆ ಬಂದ ದಿನ ಸ್ಟೀಮ್ ಸಕ್ಕರೆ ಕೆಲಸಕ್ಕ ಕೊಡೋ ಬದಲು ಕಂಡೆನ್ಸರ್‌ಗೆ (ತಣ್ಣಗ ಮಾಡಿ ನೀರಾಗಿಸೋ ಭಾಗಕ್ಕ) ತಿರುಗಿಸಿ ಯೂನಿಟ್ ಜಾಸ್ತಿ ಮಾಡ್ರಿ ಅಂತ ಮೇಲಿನವರು ಹೇಳ್ತಾರ. ಕರೆಂಟ್ ಕೊಳ್ಳೋ ಕಂಪನಿಯವರು ಈಗ ಹಂಗಾಮಿನ ಶಾಖದ ಲೆಕ್ಕ ಕೇಳ್ಯಾರ. ಸುಡೋದು ಬರೇ ಬಗಾಸ್ (ಕಬ್ಬಿನ ಸಿಪ್ಪೆ). ಹೆಚ್ಚು ಕರೆಂಟ್ ಕೊಟ್ರೆ ನವೀಕರಿಸಬಹುದಾದ ಕೋಜನ್ ಅನ್ನೋ ದರಕ್ಕ ಹೆಂಗ ಧಕ್ಕೆ ಬರ್ತದ್ರಿ?

ಮಂಡ್ಯದ ಎನರ್ಜಿ ಆಡಿಟರ್ (ನಿವೃತ್ತ):
ಬರುತ್ತೆ ಸರ್. ಬಗಾಸ್ ಸುಟ್ಟ ಮಾತ್ರಕ್ಕೆ ಕೋಜನ್ ಆಗಲ್ಲ. ವಿದ್ಯುತ್ ಕಾಯ್ದೆ 2003ರ ಪ್ರಕಾರವೇ ಎರಡು ಅಥವಾ ಹೆಚ್ಚು ಬಗೆಯ ಉಪಯುಕ್ತ ಶಕ್ತಿ ಏಕಕಾಲಕ್ಕೆ ಹುಟ್ಟಬೇಕು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2009ರ ನವೀಕರಿಸಬಹುದಾದ ಇಂಧನ ದರ ನಿಯಮಗಳು ಇದಕ್ಕೊಂದು ಅಳತೆ ಕೊಟ್ಟವು: ವಿದ್ಯುತ್ತಿನ ಜೊತೆ ಉಪಯುಕ್ತ ಶಾಖದ ಅರ್ಧ ಕೂಡಿಸಿ, ಆ ಮೊತ್ತ ಇಂಧನದ ಶಕ್ತಿಯ ಶೇ 45ಕ್ಕಿಂತ ಹೆಚ್ಚಿರಬೇಕು. ಹಂಗಾಮಿನ ಅವಧಿಗೆ ಮಾತ್ರ ಈ ಲೆಕ್ಕ. ವಿದ್ಯುತ್ ಅಂದರೆ ಜನರೇಟರ್‌ನ ಒಟ್ಟು ಉತ್ಪಾದನೆ, ಪಂಪು-ಫ್ಯಾನಿನ ಬಳಕೆ ಕಳೆಯೋ ಹಾಗಿಲ್ಲ.

ಒಂದು ಟನ್ ಬಗಾಸ್ ತಗೊಳ್ಳಿ. ಕೆಜಿಗೆ 2250 ಕಿಲೊಕ್ಯಾಲರಿಯಂತೆ 22.5 ಲಕ್ಷ. ಅದರಿಂದ 2.3 ಟನ್ ಸ್ಟೀಮ್ ಬಂತು, ಪೂರ್ತಿ ಟರ್ಬೈನ್ ದಾಟಿ 2.5 ಎಟಿಎ (ವಾತಾವರಣದ ಸುಮಾರು ಎರಡೂವರೆ ಪಟ್ಟು) ಒತ್ತಡದಲ್ಲಿ ಪ್ರೊಸೆಸ್‌ಗೆ, ಅಂದರೆ ಸಕ್ಕರೆ ತಯಾರಿಗೆ, ಹೋಯಿತು ಅಂತಿಟ್ಟುಕೊಳ್ಳಿ. ಯೂನಿಟ್‌ಗೆ 6 ಕೆಜಿಯಂತೆ ಸುಮಾರು 383 ಯೂನಿಟ್, ಅಂದರೆ ಯೂನಿಟ್‌ಗೆ 860 ಕಿಲೊಕ್ಯಾಲರಿಯಂತೆ 3.3 ಲಕ್ಷ. ಶಾಖ ಕೆಜಿಗೆ 650ರಂತೆ 14.95 ಲಕ್ಷ, ಅರ್ಧ 7.5. ಒಟ್ಟು 10.8, ಶೇ 48ರ ಹತ್ತಿರ. ಪಾಸು.

ಈಗ ಐದನೇ ಒಂದು ಪಾಲು ಕಂಡೆನ್ಸರ್‌ಗೆ ಬಿಡಿ. ಅಲ್ಲಿ ಯೂನಿಟ್‌ಗೆ 4 ಕೆಜಿ ಸಾಕು, ಯೂನಿಟ್ 422ಕ್ಕೆ ಏರುತ್ತೆ. ಆದರೆ ಪ್ರೊಸೆಸ್ ಶಾಖ ಇಳಿದು ಒಟ್ಟು ಶೇ 42.7. ಫೇಲು. ಎಕ್ಸ್‌ಪೋರ್ಟ್ ಮೀಟರ್ ನೋಡೋರಿಗೆ ಲಾಭ ಕಾಣುತ್ತೆ, ಶಾಖವೆಲ್ಲ ಕೂಲಿಂಗ್ ಟವರ್‌ನಲ್ಲಿ ಆವಿಯಾಗಿ ಹೋಗಿರುತ್ತೆ. ಈ ನಿಯಮ ಸರಿಯಾಗಿಯೇ ಇದೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಬರೀ ಕರೆಂಟ್ ಮಾಡೋ ಘಟಕಕ್ಕೆ ಕೋಜನ್ ದರ ಯಾಕೆ ಕೊಡಬೇಕು?

ನಿಜವಾದ ಜಗಳ ಕಂಡೆನ್ಸೇಟ್‌ನದು. ವಾಪಸ್ ಬರೋ ಬಿಸಿನೀರಿನ ಶಾಖ, ಕೆಜಿಗೆ 100 ಅಂದುಕೊಂಡು ಕಳೆದರೆ, ಮೊದಲ ಲೆಕ್ಕವೂ ಶೇ 42.8ಕ್ಕೆ ಕುಸಿಯುತ್ತೆ. ನಿಯಮದ ವಿವರಣೆಯಲ್ಲಿರೋದು ‘ಪ್ರೊಸೆಸ್‌ಗೆ ಒದಗಿಸಿದ ಉಪಯುಕ್ತ ಶಾಖ (ಸ್ಟೀಮ್)’ ಅನ್ನೋದಷ್ಟೇ. ಕಳೆಯಬೇಕೋ ಬೇಡವೋ ಅನ್ನೋದನ್ನು ಪಿಪಿಎಯಲ್ಲೇ (ವಿದ್ಯುತ್ ಖರೀದಿ ಒಪ್ಪಂದದಲ್ಲೇ) ಬರೆಸಿಕೊಳ್ಳದಿದ್ದರೆ ಹಂಗಾಮು ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಲೆಕ್ಕ ಹಿಡಿದು ಕೂತ್ಕೋತಾರೆ.

ಲೀಡ್ಸ್ ಕನ್ನಡಿಗ:
ಇಲ್ಲಿ ಬ್ರಿಟನ್ನಿನಲ್ಲಿ ಬಯೋಮಾಸ್ ಸಿಎಚ್‌ಪಿಗೆ (ಕೋಜನ್‌ಗೆ ಇಲ್ಲಿನ ಹೆಸರು) ಕಾಂಟ್ರಾಕ್ಟ್ ಫಾರ್ ಡಿಫರೆನ್ಸ್ ಎಂಬ ಬೆಂಬಲ ದರದ ಒಪ್ಪಂದ ಸಿಕ್ಕರೂ ಸಿಎಚ್‌ಪಿಕ್ಯೂಎ ಎಂಬ ಗುಣಮಟ್ಟದ ಪ್ರಮಾಣಪತ್ರ ಬೇಕು. ಅಲ್ಲಿ ಶಾಖಕ್ಕೂ ವಿದ್ಯುತ್ತಿಗೂ ಬೇರೆ ಬೇರೆ ತೂಕ ಕೊಟ್ಟು ಗುಣಾಂಕ ತೆಗೆಯುತ್ತಾರೆ. ಮಟ್ಟ ಮುಟ್ಟದಿದ್ದರೆ ಅರ್ಹ ಪಾಲಿನ ವಿದ್ಯುತ್ತಿಗಷ್ಟೇ ಬೆಂಬಲ. ಶೇ 44.9 ಬಂದರೆ ಎಲ್ಲವೂ ಹೋಯಿತು ಎನ್ನುವುದಕ್ಕಿಂತ ಇದು ನ್ಯಾಯ ಅನಿಸುತ್ತದೆ. ಅಮೆರಿಕದ 1978ರ ಪರ್ಪಾ ಕಾಯ್ದೆಯಡಿಯ ನಿಯಮವೂ ಅರ್ಧ ಶಾಖವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ, ಶೇ 42.5 ಅಥವಾ 45ರ ಗೆರೆಯೊಂದಿಗೆ. ಆದರೆ ಅದು ತೈಲ, ಅನಿಲ ಸುಡುವವರಿಗೆ.

ಮುಧೋಳ ಕಡೆಯವ:
ಆಡಿಟರ್ ಸರ್, ಭಾಳ ಉಪಕಾರ ಆತ್ರಿ. ನಮ್ಮ ಪ್ರೊಸೆಸ್ ಲೈನಿನ ಫ್ಲೋ ಮೀಟರ್ ಡೀಸೂಪರ್‌ಹೀಟರ್ (ನೀರು ಸಿಂಪಡಿಸಿ ಸ್ಟೀಮಿನ ಬಿಸಿ ಇಳಿಸೋದು) ಆದಮೇಲೆ ಐತಿ. ನಡೀತದೇನ್ರಿ? ಹಂಗಾಮು ಮುಗಿದ ಮೇಲೆ ಕೂಡಿಟ್ಟ ಬಗಾಸ್ ಸುಟ್ಟು ಪೂರ್ತಿ ಕಂಡೆನ್ಸಿಂಗ್ ಓಡಿಸ್ತೀವಲ್ಲ, ಅದು?

ಮಂಡ್ಯದ ಎನರ್ಜಿ ಆಡಿಟರ್ (ನಿವೃತ್ತ):
ಹಂಗಾಮಿನ ಆಚೆ ಓಡಿಸೋದು ಈ 45ರ ಲೆಕ್ಕಕ್ಕೆ ಬರಲ್ಲ, ಆ ಯೂನಿಟ್‌ಗೆ ಯಾವ ದರ ಅಂತ ಪಿಪಿಎ ನೋಡಿ. ರಾಜ್ಯ ಆಯೋಗಗಳಿಗೆ ಕೇಂದ್ರದ ನಿಯಮ ಮಾರ್ಗದರ್ಶಿ, ನಿಮಗೆ ಗಟ್ಟಿ ನಿಮ್ಮ ಒಪ್ಪಂದದ ಮಾತೇ.

ಮೀಟರ್ ಅಲ್ಲೇ ಇರಲಿ, ಆದರೆ ಎಚ್ಚರ. ಡೀಸೂಪರ್‌ಹೀಟರ್‌ನಲ್ಲಿ ಸಿಂಪಡಿಸಿದ ನೀರೂ ಸ್ಟೀಮ್ ಆಗಿ ಆ ಟನ್ನೇಜ್‌ಗೆ ಸೇರಿರುತ್ತೆ. ಅದಕ್ಕೆ ಟರ್ಬೈನ್ ಎಕ್ಸ್‌ಟ್ರಾಕ್ಷನ್‌ನ (ಸ್ಟೀಮ್ ಹೊರತೆಗೆಯೋ ಜಾಗದ) ತಾಪಮಾನ ಹಿಡಿದು ಗುಣಿಸಿದರೆ ಶಾಖ ಉಬ್ಬುತ್ತೆ. ಮೀಟರ್ ಪಕ್ಕದ ಒತ್ತಡ, ತಾಪಮಾನವನ್ನೇ ತಗೊಳ್ಳಿ, ಸ್ಪ್ರೇ ನೀರಿನ ಲೈನಿಗೂ ಒಂದು ಮೀಟರ್ ಹಾಕಿಸಿ. ಆರಿಫೈಸ್ ಪ್ಲೇಟಿನ (ಹರಿವು ಅಳೆಯೋ ತೂತಿನ ಬಿಲ್ಲೆಯ) ಕ್ಯಾಲಿಬ್ರೇಷನ್ ಪತ್ರವನ್ನು ಹಂಗಾಮು ಶುರುವಾಗೋ ಮೊದಲೇ ಮಾಡಿಸಿ ಕರೆಂಟ್ ಕೊಳ್ಳೋ ಕಂಪನಿಯವರ ಸಹಿ ತಗೊಳ್ಳಿ.